ತುಳುನಾಡಿನ ಮಕ್ಕಳೂ ಚಿತ್ರಪುಸ್ತಕವೂ

ಉಡುಪಿ, ಕಾಪು, ಕಾರ್ಕಳಗಳ ಸೀಮೆಯಲ್ಲಿ ಹುಟ್ಟಿದ ಮಗುವು ಶಾಲೆಯ ಮೆಟ್ಟಿಲನ್ನು ಏರಿದ ದಿನವೇ ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ದಾಟಬೇಕಾಗುತ್ತದೆ. ಮನೆಯಲ್ಲಿ ತಾಯಿಯು ಆಡುವ ಮಾತು ಬಹುಮಟ್ಟಿಗೆ ತುಳು. ಕೆಲವು ಮನೆಗಳಲ್ಲಿ ಅದು ಕೊಂಕಣಿ. ಮುಸಲ್ಮಾನರ ಮನೆಗಳಲ್ಲಿ ಬ್ಯಾರಿ ಇಲ್ಲವೆ ಉರ್ದು. ಕೊರಗರ ಕೆಲವು ಮನೆಗಳಲ್ಲಿ ಅವರದೇ ಆದ ನುಡಿ. ಬ್ರಹ್ಮಾವರವನ್ನು ದಾಟಿ ಬಡಗಣಕ್ಕೆ ಹೋದರೆ ಕುಂದಾಪುರದ ಕನ್ನಡ. ಪುಸ್ತಕದ ಭಾಷೆಯಾದರೋ ಇವುಗಳಲ್ಲಿ ಯಾವುದೂ ಅಲ್ಲ. ಅದು ಗ್ರಂಥಸ್ಥವಾದ ಕನ್ನಡ. ಈಗೀಗ ಅನೇಕ ಶಾಲೆಗಳಲ್ಲಿ ಇಂಗ್ಲಿಷು. ಹೀಗೆ ಎರಡು ಭಾಷೆಗಳ ನಡುವೆ ನಿಂತು ಬಾಯಿಕಟ್ಟಿದ ಮಗುವಿನ ಕೈಯನ್ನು ಮೊದಲು ಹಿಡಿಯುವುದು ಚಿತ್ರ. ಬೆಕ್ಕಿನ ಚಿತ್ರವನ್ನು ಕಂಡು ತುಳುವಿನ ಮಗು ‘ಪುಚ್ಚೆ’ ಎನ್ನುತ್ತದೆ. ಕೊಂಕಣಿಯ ಮಗು ‘ಮಾಜ್ಜರ’ ಎನ್ನುತ್ತದೆ. ಉಪಾಧ್ಯಾಯರು ‘ಬೆಕ್ಕು’ ಎಂದು ಹಲಗೆಯ ಮೇಲೆ ಬರೆಯುತ್ತಾರೆ. ಮೂವರೂ ಕಂಡದ್ದು ಒಂದೇ ಬೆಕ್ಕನ್ನು. ಅಕ್ಷರಕ್ಕೆ ಕಲಿತವನು ಬೇಕು. ಚಿತ್ರಕ್ಕೆ ನೋಡುವವನಿದ್ದರೆ ಸಾಕು.

ಆದುದರಿಂದ ಮಕ್ಕಳ ಚಿತ್ರಪುಸ್ತಕವೆಂಬುದು ಈ ಸೀಮೆಯಲ್ಲಿ ಬರಿಯ ವಿನೋದದ ವಸ್ತುವಲ್ಲ. ಮಗುವನ್ನು ಪುಸ್ತಕದ ಒಳಗೆ ಕರೆದುಕೊಳ್ಳುವ ಮೊದಲನೆಯ ಬಾಗಿಲೇ ಅದು. ಹಾಗಿರುವಾಗ ಆ ಪುಟದಲ್ಲಿ ಯಾರ ಮನೆ, ಯಾರ ಮುಖ, ಯಾರ ಕಸುಬು ಕಾಣಿಸಿಕೊಂಡಿದೆ, ಯಾರದು ಕಾಣಿಸಿಕೊಂಡಿಲ್ಲ ಎಂಬ ಪ್ರಶ್ನೆಯು ಸಣ್ಣದಲ್ಲ. ಕಳೆದ ನೂರೆಂಬತ್ತು ವರ್ಷಗಳಲ್ಲಿ ಈ ಕರಾವಳಿಯವರು ಆ ಪ್ರಶ್ನೆಗೆ ಕೊಟ್ಟ ಉತ್ತರಗಳನ್ನು ಇಲ್ಲಿ ಅನುಕ್ರಮವಾಗಿ ನೋಡಬಹುದು.

೧

ಚಿತ್ರಕ್ಕೆ ಈ ನಾಡಿನಲ್ಲಿ ಎಂದೂ ಬಡತನವಿರಲಿಲ್ಲ. ಕಾರ್ಕಳದ ಬಂಡೆಯ ಮೇಲೆ ೧೪೩೨ರಲ್ಲಿ ನಿಂತ ಗೊಮ್ಮಟನನ್ನೂ, ೧೫೮೬ರಲ್ಲಿ ಕಟ್ಟಿದ ಚತುರ್ಮುಖ ಬಸದಿಯನ್ನೂ ನೋಡುತ್ತ ಬೆಳೆದ ಮಕ್ಕಳಿಗೆ ರೂಪವೆಂದರೇನೆಂದು ಬೇರೆ ಹೇಳಿಕೊಡಬೇಕಾಗಿಲ್ಲ. ಯಕ್ಷಗಾನದ ಬಣ್ಣದ ವೇಷಗಳೂ ಭೂತದ ಕೋಲದ ಮುಖವರ್ಣಿಕೆಯೂ ರಾತ್ರಿಯ ಬೆಳಕಿನಲ್ಲಿ ಕಂಡ ಮಗುವಿನ ಕಣ್ಣಿನಿಂದ ಬೇಗನೆ ಮಾಸುವಂತಹವಲ್ಲ. ಸಮೀಪದ ಮೂಡಬಿದಿರೆಯ ಬಸದಿಯಲ್ಲಿ ಹನ್ನೆರಡನೆಯ ಶತಮಾನದ ಧವಲಾ ಗ್ರಂಥದ ಓಲೆಗಳು ಚಿತ್ರಸಹಿತವಾಗಿ ಉಳಿದು ಬಂದಿವೆ. ಆದರೆ ಓಲೆಯ ಚಿತ್ರವು ದರ್ಶನದ ವಸ್ತು; ಮಗುವು ಮಡಿಲಲ್ಲಿಟ್ಟುಕೊಂಡು, ಬೆರಳಿನಿಂದ ತೋರಿಸಿ, ಅಂಚು ಹರಿಯುವ ತನಕ ನೋಡತಕ್ಕದ್ದಲ್ಲ. ಅಂತಹ ಪುಸ್ತಕಕ್ಕೆ ಮುದ್ರಣಯಂತ್ರವು ಬರಬೇಕಾಯಿತು.

ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದು, ೧೮೪೧ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. ೧೮೪೩ರಲ್ಲಿ ಹೆರ್ಮನ್ ಮ್ಯೋಗ್ಲಿಂಗರ ‘ಮಂಗಳೂರ ಸಮಾಚಾರ’ವು ಹೊರಟಿತು. ಅವರ ಮುಖ್ಯ ಉದ್ದೇಶವು ಮತಪ್ರಚಾರವಾಗಿದ್ದರೂ, ಶಾಲೆಗಳನ್ನು ನಡೆಸಿ ಶಾಲಾಪುಸ್ತಕಗಳನ್ನು ಅಚ್ಚು ಹಾಕಿಸಿದುದು ನಾಡಿಗೆ ಉಪಕಾರವಾಯಿತು. ಜನರ ಮನೆಮಾತನ್ನು ಅವರು ಅಲಕ್ಷ್ಯ ಮಾಡಲಿಲ್ಲವೆಂಬುದು ಇಲ್ಲಿ ಹೆಚ್ಚು ಮುಖ್ಯವಾದ ಸಂಗತಿ. ಕನ್ನಡ ಲಿಪಿಯಲ್ಲಿ ತುಳುವನ್ನು ಮುದ್ರಿಸುವ ಪದ್ಧತಿಯನ್ನು ನೆಲೆಗೊಳಿಸಿದವರು ಅವರೇ. ಮ್ಯಾನರ್ ಎಂಬವರ ತುಳು ನಿಘಂಟು ೧೮೮೬ರಲ್ಲಿ ಪ್ರಕಟವಾಯಿತು. ಮನೆಯ ಮಾತಿಗೂ ಅಚ್ಚಿನ ಮರ್ಯಾದೆಯುಂಟೆಂಬುದು ಆಗ ತಿಳಿದುಬಂದಿತು.

ಇದಕ್ಕೆ ಹೋಲುವ ಕಾರ್ಯವು ಐರೋಪ್ಯ ಖಂಡದಲ್ಲಿ ಮೊದಲೇ ನಡೆದಿತ್ತು. ಕೊಮೀನಿಯಸ್ ಎಂಬ ಶಿಕ್ಷಣವೇತ್ತನು ೧೬೫೮ರಲ್ಲಿ ನ್ಯೂರೆಂಬರ್ಗಿನಲ್ಲಿ ಪ್ರಕಟಿಸಿದ ‘ಓರ್ಬಿಸ್ ಪಿಕ್ಟಸ್’ ಎಂಬ ಸಚಿತ್ರ ಪುಸ್ತಕವನ್ನು ಮಕ್ಕಳ ಚಿತ್ರಪುಸ್ತಕಗಳಲ್ಲಿ ಮೊದಲನೆಯದೆಂದು ಎಣಿಸುವುದುಂಟು. ಅದರಲ್ಲಿ ಚಿತ್ರವು ಮೇಲೆ. ಅದರ ಕೆಳಗೆ ಶಾಲೆಯ ಭಾಷೆಯಾದ ಲ್ಯಾಟಿನ್ನೂ ಮನೆಯ ಭಾಷೆಯಾದ ಜರ್ಮನ್ನೂ ಅಕ್ಕಪಕ್ಕದಲ್ಲಿ. ಎರಡು ನುಡಿಗಳ ಮಕ್ಕಳಿಗೆ ಚಿತ್ರವೇ ಸೇತುವೆಯೆಂಬ ತತ್ತ್ವವು ಚಿತ್ರಪುಸ್ತಕದೊಡನೆಯೇ ಹುಟ್ಟಿತೆಂದು ಇದರಿಂದ ಹೇಳಬಹುದು. ತುಳುನಾಡಿನ ಶಾಲೆಗಳಿಗೆ ಇದಕ್ಕಿಂತ ಹೊಂದಿಕೆಯಾದ ತತ್ತ್ವವು ಬೇರೊಂದಿಲ್ಲ.

೨

ಮುದ್ರಣವು ಬಂದ ಮಾತ್ರಕ್ಕೆ ಎಲ್ಲ ಮಕ್ಕಳ ಕೈಗೂ ಪುಸ್ತಕ ಬರಲಿಲ್ಲ. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆಯ ಚಾವಡಿಯೇ ದೂರವಾಗಿದ್ದಿತು. ಕುದ್ಮಲ್ ರಂಗರಾಯರು ೧೮೯೭ರಲ್ಲಿ ಮಂಗಳೂರಿನಲ್ಲಿ ದಲಿತವರ್ಗಗಳ ಏಳಿಗೆಗಾಗಿ ಮಿಶನ್ನೊಂದನ್ನು ಸ್ಥಾಪಿಸಿ ಆ ಮಕ್ಕಳಿಗಾಗಿಯೇ ಶಾಲೆಗಳನ್ನು ತೆರೆದರು. ಅದಕ್ಕಾಗಿ ತಮ್ಮ ಜಾತಿಯವರ ಬಹಿಷ್ಕಾರವನ್ನೂ ತಾಳಿಕೊಂಡರು. ಪುಸ್ತಕದಲ್ಲಿ ಯಾರ ಚಿತ್ರವಿರಬೇಕೆಂಬ ವಿಚಾರವು ಏಳುವುದಕ್ಕೆ ಮೊದಲು, ಪುಸ್ತಕವನ್ನು ಯಾರು ಮುಟ್ಟಬಹುದೆಂಬ ವಿಚಾರವು ತೀರ್ಮಾನವಾಗಬೇಕಾಗಿದ್ದಿತು.

ಅದೇ ಕಾಲದಲ್ಲಿ ಬಂಟವಾಳದ ಪಂಜೆ ಮಂಗೇಶರಾಯರು (೧೮೭೪–೧೯೩೭) ಉಪಾಧ್ಯಾಯರಾಗಿಯೂ ಶಾಲಾ ತನಿಖೆದಾರರಾಗಿಯೂ ಊರೂರು ಸುತ್ತಿ, ಮಕ್ಕಳ ಬಾಯಿಗೆ ಹೊಂದುವ ಕನ್ನಡ ಯಾವುದೆಂಬುದನ್ನು ಕಂಡುಕೊಂಡರು. ‘ಕವಿಶಿಷ್ಯ’ನೆಂಬ ಹೆಸರಿನಿಂದ ಅವರು ಬರೆದ ಶಿಶುಗೀತಗಳನ್ನು ಅರಿಯದ ಮನೆ ಈ ಜಿಲ್ಲೆಗಳಲ್ಲಿ ಅಪರೂಪ. ಅವರ ಕೈಯಲ್ಲಿ ಆದುದು ಮುಖ್ಯವಾಗಿ ಮಾತಿನ ಕೆಲಸ; ಆದರೂ ಚಿತ್ರಪುಸ್ತಕದ ಇತಿಹಾಸದಲ್ಲಿ ಅವರಿಗೆ ಮೊದಲನೆಯ ಮಣೆ ಸಲ್ಲಬೇಕು. ಏಕೆಂದರೆ ಚಿತ್ರಿಸತಕ್ಕ ವಸ್ತು ಯಾವುದೆಂಬುದನ್ನು ತೋರಿಸಿಕೊಟ್ಟವರು ಅವರು. ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಅವರ ಕಥೆಯ ಹೆಸರನ್ನೇ ನೋಡಿರಿ. ಸಿಗಡಿಯನ್ನು ಬಿಸಿಲಿಗೆ ಹರಡಿ ಒಣಗಿಸುವುದು ಕಡಲಕರೆಯ ಬಡವರ ಮನೆಯ ಅಂಗಳದಲ್ಲಿ. ಆ ಅಂಗಳವು ಮಕ್ಕಳ ಸಾಹಿತ್ಯದೊಳಗೆ ಬರಬಹುದೆಂದು ಅಂದಿನ ಪಂಡಿತರಲ್ಲಿ ಎಷ್ಟು ಮಂದಿ ಎಣಿಸಿದ್ದರು?

ಪಂಜೆಯವರ ‘ಕೋಟಿ ಚೆನ್ನಯ’ವು ಇನ್ನೂ ದೊಡ್ಡ ಹೆಜ್ಜೆ. ಪಂಜೆಯವರ ಮನೆಮಾತು ಕೊಂಕಣಿ. ಬರೆದ ಭಾಷೆ ಕನ್ನಡ. ಕಥೆಯ ಮೂಲವು ತುಳುವಿನ ಪಾಡ್ದನ. ಕಥಾನಾಯಕರು ದೇಯಿ ಬೈದೆತಿಯ ಮಕ್ಕಳಾದ ಬಿಲ್ಲವ ವೀರರು. ಗರಡಿಗಳಲ್ಲಿ ಪೂಜೆಗೊಳ್ಳುತ್ತ, ಬಾಯಿಂದ ಬಾಯಿಗೆ ಸಾಗಿ ಬಂದ ಈ ಅವಳಿಗಳ ಕಥೆಯು ಪಂಜೆಯವರಿಂದಾಗಿ ಪುಸ್ತಕದ ಕಥೆಯಾಯಿತು. ತನ್ನ ಜಾತಿಯದಲ್ಲದ, ತನ್ನ ಮನೆಮಾತಿನದಲ್ಲದ ಕಥೆಯನ್ನು ತನ್ನ ನಾಡಿನದೆಂದು ಬಗೆದು ಬರೆಯುವ ಔದಾರ್ಯವು ಅದರಲ್ಲಿದೆ.

೩

ಉಡುಪಿಗೆ ಬಡಗಣದ ಕೋಟದಲ್ಲಿ ೧೯೦೨ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಮಕ್ಕಳ ಕಣ್ಣನ್ನು ಇನ್ನೊಂದು ದಿಕ್ಕಿಗೆ ತೆರೆಸಿದರು. ೧೯೩೬ರಲ್ಲಿ ಮೂರು ಸಂಪುಟಗಳಲ್ಲಿ ಬಂದ ಅವರ ‘ಬಾಲಪ್ರಪಂಚ’ವು ಕನ್ನಡದ ಮಕ್ಕಳಿಗೆ ಜಗತ್ತಿನ ಜ್ಞಾನವನ್ನು ಸಚಿತ್ರವಾಗಿ ಒಂದೆಡೆ ಸೇರಿಸಿಕೊಟ್ಟಿತು. ನಕ್ಷತ್ರ, ಸಮುದ್ರ, ಮೃಗ, ಯಂತ್ರ, ದೂರದೇಶದ ಜನ — ಇವೆಲ್ಲವೂ ಇಂಗ್ಲಿಷು ಬಲ್ಲವರ ಸೊತ್ತಾಗಿದ್ದ ಕಾಲದಲ್ಲಿ ಹಳ್ಳಿಯ ಮಗುವಿಗೆ ಇದು ದೊಡ್ಡ ಲಾಭ. ಪುತ್ತೂರಿನ ಬಾಲವನದಲ್ಲಿ ಅವರು ಮಕ್ಕಳಿಗೆ ಆಟ, ಹಾಡು, ಕುಣಿತ, ಚಿತ್ರಗಳ ಮೂಲಕ ಕಲಿಸಿದರು. ‘ಢಂ ಢಂ ಢೋಲು’, ‘ಹುಲಿರಾಯ’ ಮೊದಲಾದ ಕಿರುಪುಸ್ತಕಗಳನ್ನೂ ಬರೆದರು.

ಇದೇ ಕಾರಂತರು ೧೯೩೩ರಲ್ಲಿ ‘ಚೋಮನ ದುಡಿ’ಯನ್ನು ಬರೆದಿದ್ದರೆಂಬುದನ್ನು ಮರೆಯಬಾರದು. ಆ ಕಾದಂಬರಿಯಲ್ಲಿ ಚೋಮನ ಮಗ ನೀಲನು ಹೊಳೆಯಲ್ಲಿ ಮುಳುಗುತ್ತಾನೆ. ಮುಟ್ಟಿದರೆ ಮೈಲಿಗೆಯೆಂದು ದಡದಲ್ಲಿದ್ದವರು ಅವನನ್ನು ಎತ್ತುವುದಿಲ್ಲ. ದೊಡ್ಡವರಿಗಾಗಿ ಬರೆದ ಪುಸ್ತಕದಲ್ಲಿ ನೀಲನಿಗೆ ಹೀಗೆ ಸ್ಥಳ ದೊರೆಯಿತು. ಆದರೆ ಮಕ್ಕಳಿಗಾಗಿ ಬರೆದ ಪುಸ್ತಕಗಳಲ್ಲಿ ನೀಲನಂತಹ ಹುಡುಗನು ಮುಳುಗುವವನಾಗಿ ಅಲ್ಲದೆ, ಈಜುವವನಾಗಿ, ಆಡುವವನಾಗಿ, ನಗುವವನಾಗಿ ಬರುವುದಕ್ಕೆ ಬಹುಕಾಲ ಕಾಯಬೇಕಾಯಿತು. ದುಃಖದ ಪಾತ್ರವಾಗಿ ಮಾತ್ರ ಕಾಣಿಸಿಕೊಳ್ಳುವ ಮಗುವು ಪುಟದೊಳಗೆ ಇನ್ನೂ ಪೂರ್ತಿಯಾಗಿ ಸೇರಿಕೊಂಡಂತೆ ಆಗುವುದಿಲ್ಲ.

೪

ಬಣ್ಣದ ಚಿತ್ರಪುಸ್ತಕವನ್ನು ಭಾರತದ ಮನೆಮನೆಗೆ ಮುಟ್ಟಿಸಿದವರೂ ಈ ಸೀಮೆಯವರೇ. ಅನಂತ ಪೈಗಳು ೧೯೨೯ರಲ್ಲಿ ಕಾರ್ಕಳದಲ್ಲಿ ಹುಟ್ಟಿದರು. ಎರಡು ವರ್ಷದ ಶಿಶುವಾಗಿದ್ದಾಗಲೇ ತಂದೆತಾಯಿಗಳನ್ನು ಕಳೆದುಕೊಂಡು, ಹನ್ನೆರಡನೆಯ ವಯಸ್ಸಿನಲ್ಲಿ ಬೊಂಬಾಯಿಗೆ ಹೋಗಿ, ರಸಾಯನಶಾಸ್ತ್ರವನ್ನು ಓದಿದವರು ಪುಸ್ತಕಗಳ ಉದ್ಯಮಕ್ಕೆ ತಿರುಗಿದರು. ೧೯೬೪ರಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯು ‘ಇಂದ್ರಜಾಲ ಕಾಮಿಕ್ಸ್’ ಎಂಬ ಮಾಲೆಯನ್ನು ಹೊರಡಿಸಿದಾಗ ಅವರು ಅಲ್ಲಿದ್ದರು. ಆ ಮಾಲೆಯ ನಾಯಕನು ವಿದೇಶದ ಲೇಖನಿಯಲ್ಲಿ ಹುಟ್ಟಿದ ಮುಖವಾಡದ ವೀರ.

ಅವರು ಮುಂದೆ ಅನೇಕ ಸಲ ಹೇಳಿದ ಒಂದು ಪ್ರಸಂಗವು ಪ್ರಸಿದ್ಧವಾಗಿದೆ. ೧೯೬೭ರಲ್ಲಿ ದೆಹಲಿಯ ದೂರದರ್ಶನದ ಪ್ರಶ್ನೋತ್ತರ ಸ್ಪರ್ಧೆಯಲ್ಲಿ ಮಕ್ಕಳು ಗ್ರೀಕ್ ಪುರಾಣದ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟರು. ರಾಮಾಯಣದಲ್ಲಿ ರಾಮನ ತಾಯಿ ಯಾರೆಂಬ ಪ್ರಶ್ನೆಗೆ ಅವರಿಂದ ಉತ್ತರ ಬರಲಿಲ್ಲ. ಮಕ್ಕಳು ತಮ್ಮ ನೆಲದಿಂದಲೇ ಹೊರಗಾಗುತ್ತಿದ್ದಾರೆಂದು ಅವರಿಗೆ ನೋವಾಯಿತು. ಈ ನೋವೇ ‘ಅಮರ ಚಿತ್ರಕಥೆ’ಗೆ ಪ್ರೇರಣೆಯಾಯಿತೆಂದು ಅವರು ಹೇಳುತ್ತಿದ್ದರು.

ಈ ಮಾಲೆಯ ಮೊದಲ ಅಧ್ಯಾಯವು ಕನ್ನಡದಲ್ಲಿ ನಡೆಯಿತೆಂಬುದು ಅನೇಕ ಕನ್ನಡಿಗರಿಗೇ ತಿಳಿಯದು. ೧೯೬೫ರ ಸುಮಾರಿಗೆ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯ ಜಿ. ಕೆ. ಅನಂತರಾಮರ ಉತ್ಸಾಹದಿಂದ ಸಿಂಡರೆಲ್ಲಾ, ಅಲ್ಲಾವುದ್ದೀನ, ಪಿನೋಕಿಯೋ ಮೊದಲಾದ ಹೊರನಾಡಿನ ಹತ್ತು ಕಥೆಗಳು ಕನ್ನಡದ ಸಚಿತ್ರ ಪುಸ್ತಕಗಳಾಗಿ ಹೊರಟುವು. ರಾಮ್ ವಾಯೀರ್ಕರರು ಚಿತ್ರ ಬರೆದ ‘ಕೃಷ್ಣ’ವು ಇಂಗ್ಲಿಷಿನಲ್ಲಿ ಬಂದಾಗ ಅದಕ್ಕೆ ಬಿದ್ದ ಸಂಖ್ಯೆ ಹನ್ನೊಂದು. ಹೀಗೆ ಭಾರತದ ಅತಿ ದೊಡ್ಡ ಚಿತ್ರಪುಸ್ತಕಮಾಲೆಯ ಎಣಿಕೆಯಲ್ಲಿ ಕನ್ನಡದ ಗುರುತು ಇಂದಿಗೂ ಉಳಿದಿದೆ. ಮುಂದೆ ಆ ಮಾಲೆಯಲ್ಲಿ ನಾನೂರಕ್ಕೂ ಹೆಚ್ಚು ಪುಸ್ತಕಗಳು ಬಂದುವು. ೧೯೮೦ರಲ್ಲಿ ಅನಂತ ಪೈಗಳು ‘ಟಿಂಕಲ್’ ಪತ್ರಿಕೆಯನ್ನು ಆರಂಭಿಸಿದರು. ೨೦೧೧ರಲ್ಲಿ ತೀರಿಕೊಳ್ಳುವವರೆಗೂ ದೇಶದ ಮಕ್ಕಳಿಗೆ ‘ಪೈ ಮಾಮ’ನಾಗಿಯೇ ಇದ್ದರು. ತಂದೆತಾಯಿಗಳ ಮುಖವನ್ನು ನೆನಪಿಟ್ಟುಕೊಳ್ಳುವ ವಯಸ್ಸಿಗೆ ಮೊದಲೇ ಅವರನ್ನು ಕಳೆದುಕೊಂಡ ಒಬ್ಬ ಹುಡುಗನು, ತಾವು ಯಾರ ಮಕ್ಕಳೆಂಬುದನ್ನು ಇಡಿಯ ದೇಶದ ಮಕ್ಕಳಿಗೆ ನೆನಪಿಸಹೊರಟನು.

ಆದರೆ ಯಾರ ನೆನಪು? ಈ ಪ್ರಶ್ನೆಯನ್ನು ವಿದ್ವಾಂಸರು ಎತ್ತದೆ ಬಿಡಲಿಲ್ಲ. ನಂದಿನಿ ಚಂದ್ರ, ಕಾರ್ಲೈನ್ ಮೆಕ್ಲೈನ್ ಮೊದಲಾದವರು ಈ ಮಾಲೆಯನ್ನು ಕುರಿತು ಗ್ರಂಥಗಳನ್ನೇ ಬರೆದಿದ್ದಾರೆ. ದೇವತೆಗಳೂ ವೀರರೂ ಬೆಳ್ಳಗೆ, ರಾಕ್ಷಸರೂ ಕಾಡಿನವರೂ ಕಪ್ಪಗೆ. ಕಥಾನಾಯಕರಲ್ಲಿ ರಾಜರು, ಬ್ರಾಹ್ಮಣರು ಹೆಚ್ಚು. ಸ್ತ್ರೀಯರ ಹಿರಿಮೆ ಬಹುಮಟ್ಟಿಗೆ ಪಾತಿವ್ರತ್ಯದಲ್ಲಿ — ಇವು ಮುಖ್ಯವಾದ ಆಕ್ಷೇಪಗಳು. ಮಾಲೆಯಲ್ಲಿ ಕಬೀರನೂ ಬಾಬಾಸಾಹೇಬ ಅಂಬೇಡ್ಕರರೂ ಇದ್ದಾರೆಂಬುದು ನಿಜ. ಆದರೂ ಎಣ್ಣೆಗಪ್ಪು ಮೈಬಣ್ಣದ ಮಗುವು ಆ ಪುಟಗಳನ್ನು ತಿರುವಿದಾಗ ತನ್ನ ಬಣ್ಣವನ್ನು ಯಾರ ಮೈಮೇಲೆ ಕಾಣುತ್ತಿತ್ತೆಂಬುದನ್ನು ಎಣಿಸಿದರೆ, ಆಕ್ಷೇಪವು ಬರಿಯ ಪಾಂಡಿತ್ಯದ್ದಲ್ಲವೆಂದು ತೋರುವುದು.

ಕನ್ನಡದಲ್ಲಿ ಆ ಹತ್ತು ಪುಸ್ತಕಗಳು ಸಿದ್ಧವಾಗುತ್ತಿದ್ದ ೧೯೬೫ರಲ್ಲಿಯೇ ಅಮೆರಿಕದಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬ ಶಿಕ್ಷಣತಜ್ಞೆಯು, ಅಲ್ಲಿ ಮೂರು ವರ್ಷಗಳಲ್ಲಿ ಪ್ರಕಟವಾದ ಐದು ಸಾವಿರಕ್ಕೂ ಹೆಚ್ಚು ಮಕ್ಕಳ ಪುಸ್ತಕಗಳನ್ನು ಪರೀಕ್ಷಿಸಿ, ಕರಿಯರು ಒಮ್ಮೆಯಾದರೂ ಕಾಣಿಸಿಕೊಂಡ ಪುಸ್ತಕಗಳು ನೂರಕ್ಕೆ ಏಳರಷ್ಟೂ ಇಲ್ಲವೆಂದು ತೋರಿಸಿಕೊಟ್ಟಳು. ಆಕೆಯನ್ನು ಆ ಕೆಲಸಕ್ಕೆ ಹಚ್ಚಿದುದು, ಪುಸ್ತಕದಲ್ಲಿರುವವರೆಲ್ಲ ಯಾವಾಗಲೂ ಬಿಳಿಯ ಮಕ್ಕಳೇ ಏಕೆಂದು ಐದು ವರ್ಷದ ಕರಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ.

೫

ಈ ಕೊರತೆಗೆ ಕೆಟ್ಟ ಮನಸ್ಸೊಂದೇ ಕಾರಣವೆಂದು ಹೇಳುವುದು ಅನ್ಯಾಯ. ಮುದ್ರಣದ ಲೆಕ್ಕಾಚಾರವೂ ಒಂದು ಕಾರಣ. ಬಣ್ಣದ ಚಿತ್ರವನ್ನು ಅಚ್ಚು ಹಾಕುವುದಕ್ಕೆ ನಾಲ್ಕು ಫಲಕಗಳು ಬೇಕು: ನೀಲಿ, ಕೆಂಪು, ಹಳದಿ, ಕಪ್ಪು. ಹಲವು ಭಾಷೆಗಳಲ್ಲಿ ಒಂದೇ ಪುಸ್ತಕವನ್ನು ಹೊರಡಿಸುವಾಗ ಮೊದಲಿನ ಮೂರು ಬಣ್ಣಗಳನ್ನು ಎಲ್ಲ ಭಾಷೆಗಳಿಗೂ ಒಟ್ಟಿಗೆ ಮುದ್ರಿಸಿ, ಅಕ್ಷರಗಳಿರುವ ಕಪ್ಪು ಫಲಕವನ್ನು ಮಾತ್ರ ಬದಲಾಯಿಸಿದರೆ ಖರ್ಚು ಬಹಳ ಇಳಿಯುತ್ತದೆ. ೧೯೫೭ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟಿನ ‘ನೆಹರೂ ಬಾಲ ಪುಸ್ತಕಾಲಯ’ ಮಾಲೆಯೂ ಒಂದೇ ಚಿತ್ರವನ್ನು ಅನೇಕ ಭಾಷೆಗಳ ಮಕ್ಕಳಿಗೆ ಕೊಟ್ಟಿತು. ಇದರಿಂದ ಬಂದ ಲಾಭ ದೊಡ್ಡದು: ಕಾಶ್ಮೀರದ ಮಗುವೂ ಕಾಪುವಿನ ಮಗುವೂ ಒಂದೇ ಚಿತ್ರವನ್ನು ಕಂಡು ನಕ್ಕುವು. ನಷ್ಟವೂ ಇಲ್ಲದಿಲ್ಲ: ಎಲ್ಲರಿಗೂ ಒಪ್ಪಬೇಕಾದ ಚಿತ್ರದಲ್ಲಿ ಯಾವ ಊರಿನ ಮನೆಯೂ ಸರಿಯಾಗಿ ಇರುವಂತಿಲ್ಲ. ಕಾಪುವಿನ ಬಂಡೆಯ ಮೇಲೆ ೧೯೦೧ರಿಂದ ನಿಂತಿರುವ ದೀಪಸ್ತಂಭ, ರಂಪಣಿ ಬಲೆಯನ್ನು ದಡಕ್ಕೆ ಎಳೆಯುವ ಮೊಗವೀರರ ಸಾಲು, ಮೀನಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ನಡೆಯುವ ಹೆಂಗಸು — ಇವುಗಳಿಗೆ ಅಲ್ಲಿ ಎಡೆಯಿಲ್ಲ. ಕನ್ನಡಕ್ಕೇ ಹೀಗಾದರೆ, ಇನ್ನೂ ಚಿಕ್ಕ ಮಾರುಕಟ್ಟೆಯ ತುಳುವಿಗೂ ಬ್ಯಾರಿಗೂ ಬಣ್ಣದ ಪುಸ್ತಕವು ಕನಸಾಗಿದ್ದುದು ಆಶ್ಚರ್ಯವಲ್ಲ.

ಕುಶಲರಾದ ಕೈಗಳಿಗೆ ಈ ಸೀಮೆಯಲ್ಲಿ ಕೊರತೆಯಿರಲಿಲ್ಲ. ರೇಖೆಯ ಚೆಲುವಿಗೆ ದೇಶದಲ್ಲೆಲ್ಲ ಹೆಸರಾದ ಕೆ. ಕೆ. ಹೆಬ್ಬಾರರು ಉಡುಪಿಯ ಬಳಿಯ ಕಟ್ಟಿಂಗೇರಿಯವರು. ಮುದ್ರಣದ ಸಾಮರ್ಥ್ಯವೂ ಹತ್ತಿರದಲ್ಲಿಯೇ ಬೆಳೆಯಿತು. ಮಣಿಪಾಲದ ಮುದ್ರಣಾಲಯವು ನಾಡಿನ ದೊಡ್ಡ ಮುದ್ರಣಾಲಯಗಳಲ್ಲೊಂದಾಯಿತು. ೧೯೭೦ರಲ್ಲಿ ಅಲ್ಲಿಂದ ‘ಉದಯವಾಣಿ’ಯೂ, ಮುಂದೆ ಮಕ್ಕಳಿಗಾಗಿ ಬಣ್ಣದ ‘ತುಂತುರು’ ಪತ್ರಿಕೆಯೂ ಹೊರಟುವು. ಚೆನ್ನೈಯಲ್ಲಿ ೧೯೯೬ರಲ್ಲಿ ಆರಂಭವಾದ ‘ತೂಲಿಕಾ’ ಪ್ರಕಾಶನವು ಇಂಗ್ಲಿಷಿನೊಡನೆ ಕನ್ನಡವೇ ಮೊದಲಾದ ದೇಶಭಾಷೆಗಳಲ್ಲಿ ಚಿತ್ರಪುಸ್ತಕಗಳನ್ನು ತಂದಿತು. ಕೊಮೀನಿಯಸನು ಮಾಡಿದಂತೆ ಎರಡು ಭಾಷೆಗಳನ್ನು ಒಂದೇ ಪುಟದಲ್ಲಿ ಕೂಡಿಸಿದ ಪುಸ್ತಕಗಳೂ ಅವುಗಳಲ್ಲಿವೆ. ಬೆಂಗಳೂರಿನಲ್ಲಿ ೨೦೦೪ರಲ್ಲಿ ಹುಟ್ಟಿದ ‘ಪ್ರಥಮ್ ಬುಕ್ಸ್’ ಸಂಸ್ಥೆಯು ೨೦೧೫ರಲ್ಲಿ ‘ಸ್ಟೋರಿವೀವರ್’ ಎಂಬ ಗಣಕ ಭಂಡಾರವನ್ನು ತೆರೆದು, ಅಲ್ಲಿರುವ ಚಿತ್ರಕಥೆಗಳನ್ನು ಯಾರು ಬೇಕಾದರೂ ತಮ್ಮ ಭಾಷೆಗೆ ತಿರುಗಿಸಿಕೊಳ್ಳಬಹುದೆಂದು ಅನುಮತಿಯಿತ್ತಿತು. ಫಲಕದ ಖರ್ಚಿನ ತೊಡಕು ಇದರಿಂದ ಬಹುಮಟ್ಟಿಗೆ ಕಳೆಯಿತು. ಇನ್ನು ಮನೆಮಾತಿನಲ್ಲಿ ಪುಸ್ತಕವಿಲ್ಲವೆಂದರೆ, ಹಣವಿಲ್ಲವೆಂಬ ನೆವವು ಹಿಂದಿನಷ್ಟು ಸಲ್ಲದು.

೬

ಆದರೂ ಒಂದು ಅಳತೆಗೋಲನ್ನು ಕೈಯಲ್ಲಿಟ್ಟುಕೊಂಡೇ ಮುಂದಿನ ಕೆಲಸವನ್ನು ನೋಡಬೇಕು. ಆ ಅಳತೆಗೋಲು ಈ ಸೀಮೆಯ ಕೊರಗರ ಮಗು. ಬುಟ್ಟಿ ಹೆಣೆಯುವುದರಲ್ಲಿಯೂ ಡೋಲು, ಕೊಳಲುಗಳ ವಾದನದಲ್ಲಿಯೂ ನಿಪುಣರಾದ ಈ ಜನರನ್ನು ಅಮಾನುಷವಾಗಿ ನಡೆಸಿಕೊಳ್ಳುತ್ತಿದ್ದ ‘ಅಜಲು’ ಪದ್ಧತಿಯನ್ನು ನಿಷೇಧಿಸುವುದಕ್ಕೆ ೨೦೦೦ದಷ್ಟು ಈಚೆಗೆ ಕರ್ನಾಟಕವು ಒಂದು ಕಾನೂನನ್ನೇ ಮಾಡಬೇಕಾಯಿತು. ಕಾನೂನು ದೊಡ್ಡವರ ಕೈಯನ್ನು ತಡೆಯಬಲ್ಲದು. ಸಣ್ಣವರ ಮನಸ್ಸಿನಲ್ಲಿ ಬೇರೂರಿದ ಚಿತ್ರವನ್ನು ತೆಗೆಯಲಾರದು. ಅದನ್ನು ಇನ್ನೊಂದು ಚಿತ್ರದಿಂದಲೇ ತೆಗೆಯಬೇಕು. ಬುಟ್ಟಿಯ ಹೆಣಿಗೆಯನ್ನು ಅಜ್ಜಿಯಿಂದ ಕಲಿಯುವ ಕೊರಗರ ಹುಡುಗಿಯು ಕಥೆಯ ನಾಯಕಿಯಾಗಿ, ತನ್ನ ಹೆಸರಿನಿಂದ, ನಗುಮುಖದಿಂದ ಪುಟದ ಮೇಲೆ ಬಂದಾಗ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಆ ಮನೆಯ ಮಗುವು ತಾನೂ ಪುಸ್ತಕಕ್ಕೆ ಸೇರಿದವಳೆಂದು ತಿಳಿಯುತ್ತದೆ. ಪಕ್ಕದ ಬೆಂಚಿನ ಮಗುವು ಆಕೆಯನ್ನು ಹೊಸ ಕಣ್ಣಿನಿಂದ ನೋಡುತ್ತದೆ.

ಅಮೆರಿಕದ ರೂಡಿನ್ ಸಿಮ್ಸ್ ಬಿಷಪ್ ಎಂಬ ವಿದುಷಿಯು ೧೯೯೦ರಲ್ಲಿ ಇದನ್ನೇ ವಿವರಿಸುತ್ತ, ಮಕ್ಕಳ ಪುಸ್ತಕವು ಕೆಲವರಿಗೆ ಕನ್ನಡಿ, ಕೆಲವರಿಗೆ ಕಿಟಕಿ, ಮತ್ತು ದಾಟಿ ಹೋಗುವುದಕ್ಕೆ ಬಾಗಿಲು ಆಗಬೇಕೆಂದು ಹೇಳಿದಳು. ಉಡುಪಿಯ ಮಕ್ಕಳಿಗೆ ಈ ಮಾತು ಹೊಸತೆನಿಸದು. ಕೃಷ್ಣಮಠದ ಗೋಡೆಯಲ್ಲಿ ಅವರು ಕನಕನ ಕಿಂಡಿಯನ್ನು ದಿನವೂ ಕಾಣುತ್ತಾರೆ. ಒಳಗೆ ಪ್ರವೇಶವಿಲ್ಲದ ಕನಕದಾಸರು ಹಿಂಬದಿಯಲ್ಲಿ ನಿಂತು ಹಾಡಿದಾಗ ಗೋಡೆಯು ಬಿರಿದು ದೇವರು ಅವರ ಕಡೆಗೆ ತಿರುಗಿದನೆಂಬುದು ಐತಿಹ್ಯ. ಆ ಕಥೆಯನ್ನು ಕೇಳಿದ ಪ್ರತಿಯೊಂದು ಮಗುವೂ ಕೊನೆಗೆ ಕೇಳುವುದು ಒಂದೇ ಪ್ರಶ್ನೆ: ದೇವರು ತಿರುಗಿದ ಮೇಲೆ ಕನಕದಾಸರನ್ನು ಒಳಗೆ ಕರೆದರೇ? ಹಿರಿಯರು ಸಾಮಾನ್ಯವಾಗಿ ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಸಾಗುತ್ತಾರೆ.

ಪಂಜೆಯವರು ಸಿಗಡಿಯ ಅಂಗಳವನ್ನೂ ಗರಡಿಯ ವೀರರನ್ನೂ ಪುಸ್ತಕದೊಳಗೆ ಕರೆದರು. ಕಾರಂತರು ಹಳ್ಳಿಯ ಮಗುವಿಗೆ ಜಗತ್ತನ್ನು ತೋರಿಸಿದರು. ಕಾರ್ಕಳದ ಪೈಗಳು ದೇಶದ ಮಗುವಿಗೆ ಅದರ ಪುರಾಣವನ್ನು ಬಣ್ಣದಲ್ಲಿ ಕೊಟ್ಟರು. ಒಬ್ಬೊಬ್ಬರೂ ಗೋಡೆಯನ್ನು ಒಂದಿಷ್ಟು ಬಿಡಿಸಿದರು. ಒಬ್ಬೊಬ್ಬರ ಕೆಲಸದಲ್ಲಿಯೂ ಹೊರಗುಳಿದವರು ಇದ್ದರು. ಉಳಿದ ಕೆಲಸವು ಈಗ ಓದುಬರಹ ಬಲ್ಲ ಮನೆಗಳ ಪಾಲಿನದು. ಮಕ್ಕಳಿಗೆ ಪುಸ್ತಕವನ್ನು ಕೊಳ್ಳುವಾಗ ಬೆಲೆಯನ್ನೂ ಬಣ್ಣವನ್ನೂ ನೋಡುವಂತೆಯೇ, ಈ ಪುಟಗಳಲ್ಲಿ ನೆರೆಮನೆಯ ಮಗುವಿದೆಯೇ ಎಂದು ಒಮ್ಮೆ ತಿರುವಿ ನೋಡಬೇಕು. ಇಲ್ಲವಾದರೆ ಪ್ರಕಾಶಕರನ್ನು ಕೇಳಬೇಕು. ಅಜ್ಜಿಯರ ಬಾಯಿಯಲ್ಲಿರುವ ತುಳು, ಕೊಂಕಣಿ, ಬ್ಯಾರಿ, ಕೊರಗ ಕಥೆಗಳನ್ನು ಅವರಿರುವಾಗಲೇ ಬರೆದುಕೊಂಡು ಚಿತ್ರ ಬಲ್ಲವರ ಕೈಗೆ ಕೊಡಬೇಕು. ಕನಕನ ಕಿಂಡಿಯ ಮುಂದೆ ಮಗುವು ಕೇಳುವ ಪ್ರಶ್ನೆಗೆ ಅದರ ಕೈಯಲ್ಲಿರುವ ಪುಸ್ತಕವಾದರೂ ಹೌದೆಂದು ಉತ್ತರ ಹೇಳುವಂತಾಗಲಿ.